ಲಾಂಗ್ ಕೇಸಿನ ಟೈಲರ್

ಎಂಬಿಬಿಎಸ್ ಅಂದರೆ ದಪ್ಪ ದಪ್ಪ ಪುಸ್ತಕ ಓದುವುದು ಎಂದು ಹೊರಗಿನವರು ತಿಳಿದಿರುತ್ತಾರೆ. ಪುಸ್ತಕ ಹೇಗೋ ಓದಿಬಿಡಬಹುದು. ನಮ್ಮ ಜೀವ ಹಿಂಡುತ್ತಿದ್ದದ್ದು ಕೊನೆಯ ವರ್ಷದ ಲಾಂಗ್ ಕೇಸ್. ಗುರುತು ಪರಿಚಯವಿಲ್ಲದ ಒಬ್ಬ ರೋಗಿಯ ಮುಂದೆ ಕೂರಿಸಿ ಮುಕ್ಕಾಲು ಗಂಟೆ ಕೊಡುತ್ತಾರೆ. ಅವರ ಕಥೆ ಕೇಳಿ, ಮೈ ಪರೀಕ್ಷಿಸಿ, ಕಾಯಿಲೆ ಇಂಥದ್ದೆಂದು ಪರೀಕ್ಷಕರ ಮುಂದೆ ಒಪ್ಪಿಸಬೇಕು. ಮೊದಲ ಸಲ ನಾನು ಇದರಲ್ಲೇ ಡುಮ್ಕಿ ಹೊಡೆದಿದ್ದೆ. ಜೊತೆಯವರೆಲ್ಲ ಇಂಟರ್ನ್‌ಗಳಾಗಿ ಕೊರಳಿಗೆ ಸ್ಟೆತಸ್ಕೋಪ್ ಹಾಕಿಕೊಂಡು ಮೆರೆಯುವಾಗ ನಾನು ರಾಜೀವನಗರದ ಮನೆಯಲ್ಲಿ ಕೂತು ಅದೇ ಪುಸ್ತಕವನ್ನು ತಿರುವಿಹಾಕುತ್ತಿದ್ದೆ. ಬಂದ ನೆಂಟರೆಲ್ಲ ಇನ್ನೂ ಮುಗಿದಿಲ್ಲವಾ ಎಂದು ಕೇಳುವವರೇ. ಮೈಯೆಲ್ಲ ಉರಿಯುತ್ತಿತ್ತು.

ಪರೀಕ್ಷೆಗೆ ರೋಗಿಗಳನ್ನು ಆಸ್ಪತ್ರೆಯವರೇ ಹೇಳಿ ಕರೆಸುತ್ತಾರೆ. ಹೃದಯದ ಕವಾಟ ಕಿರಿದಾದವರು, ಹೊಟ್ಟೆಯಲ್ಲಿ ನೀರು ತುಂಬಿದವರು, ಹೀಗೆ ಮುಟ್ಟಿದರೆ, ಕೇಳಿದರೆ ಏನಾದರೂ ಸಿಗುವವರು. ವರ್ಷ ವರ್ಷವೂ ಬಂದು ಅವರಲ್ಲಿ ಕೆಲವರಿಗೆ ನಮಗಿಂತ ಚೆನ್ನಾಗಿ ಪಾಠ ಬಂದಿರುತ್ತದೆ. ಎರಡನೇ ಸಲ ನನಗೆ ಸಿಕ್ಕಿದವರು ಅಂಥವರೇ. ಲಷ್ಕರ್ ಮೊಹಲ್ಲಾದಲ್ಲಿ ರವಿಕೆ ಹೊಲಿಯುವ ಟೈಲರ್, ಐವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರದಿಂದ ಕವಾಟ ಕೆಟ್ಟಿತ್ತು. ಏದುಸಿರು ಯಾವಾಗ ಶುರುವಾಯಿತು, ಎಷ್ಟು ಮೆಟ್ಟಿಲು ಹತ್ತಿದರೆ ಬರುತ್ತದೆ, ಮಲಗಲು ಎಷ್ಟು ದಿಂಬು ಬೇಕು, ಎಲ್ಲವನ್ನೂ ನಮ್ಮ ಪುಸ್ತಕದ ಸರದಿಯಲ್ಲೇ ಗಿಣಿಪಾಠ ಒಪ್ಪಿಸಿದರು. ದೇವರು ಕಣ್ಣು ಬಿಟ್ಟ ಅಂದುಕೊಂಡೆ.

ಆಮೇಲೆ ಅಂಗಿ ಬಿಚ್ಚಿ ಎಂದೆ. ದಿನವಿಡೀ ಹುಕ್ಕು, ಕಾಜಾ ಮಾಡುವ ಮನುಷ್ಯನಿಗೆ ತನ್ನ ಗುಂಡಿ ಬಿಚ್ಚಲು ಆಗುತ್ತಿಲ್ಲ. ಬಲಗೈ ಗುಂಡಿಯ ಮೇಲೆ ಜಾರಿ ಜಾರಿ ಹೋಗುತ್ತಿತ್ತು. ಏನಾಯಿತೆಂದು ಕೇಳಿದೆ.

“ಬೆಳಗ್ಗೆಯಿಂದ ಜೋಮು ಹಿಡ್ದಂಗದೆ. ಅದು ಬುಡಿ ಡಾಕ್ಟ್ರಮ್ಮ, ಪರೀಕ್ಷೆದಲ್ಲ ಅದು. ನೀವು ಎದೆ ನೋಡಿ, ಟೈಮಾಯ್ತದೆ.”

ಇಂಥ ಕವಾಟದವರ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಮೆದುಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಆಗ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಗೊತ್ತಿರಲಿಲ್ಲ ಎನ್ನಲಾರೆ, ಹಿಂದಿನ ದಿನವಷ್ಟೇ ಓದಿದ್ದೆ. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ನಿಂತಿದ್ದರು, ಒಂದು ಕೂಗು ಸಾಕಿತ್ತು. ಆದರೆ ಕೂಗಿದರೆ ಇವರನ್ನು ಕರೆದೊಯ್ಯುತ್ತಾರೆ, ನನಗೆ ಬೇರೆ ಕೇಸು ಕೊಡುತ್ತಾರೆ, ಅದು ಎಂಥದ್ದೋ ಏನೋ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದರೆ? ಗಡಿಯಾರ ನೋಡಿದೆ, ಒಂಬತ್ತೂ ಹತ್ತು. ಎದೆಯ ಸದ್ದು ಚೆನ್ನಾಗಿ ಕೇಳಬೇಕಾದರೆ ರೋಗಿ ಎಡಕ್ಕೆ ಹೊರಳಬೇಕು. ನಾನು ಹೇಳುವ ಮೊದಲೇ ಅವರು ಹೊರಳಿ ಮಲಗಿದ್ದರು. ಸ್ಟೆತಸ್ಕೋಪ್ ಇಟ್ಟೆ.

ಪರೀಕ್ಷಕರು ಬಂದಾಗ ಒಂಬತ್ತೂ ಮುಕ್ಕಾಲು. ಎಲ್ಲವನ್ನೂ ಒಪ್ಪಿಸಿ, ಕೊನೆಗೆ ಬಲಗೈಯಲ್ಲಿ ಶಕ್ತಿ ಕಡಿಮೆಯಾಗಿದೆ ಎಂದೂ ಸೇರಿಸಿದೆ. ಹಿರಿಯ ಪರೀಕ್ಷಕರು ಆ ಕೈ ಹಿಡಿದು ನೋಡಿದವರೇ ಸ್ಟ್ರೆಚರ್ ತರಿಸಿದರು. ಯಾರ ಕಣ್ಣಿಗೂ ಬೀಳದ್ದನ್ನು ಹುಡುಗಿ ಗಮನಿಸಿದ್ದಾಳೆ ಎಂದು ನನ್ನನ್ನು ಹೊಗಳಿದರು. ಎಷ್ಟು ಹೊತ್ತಿಗೆ ಗಮನಿಸಿದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಳ್ಳೆಯ ಅಂಕವೇ ಬಂತು. ಅಮ್ಮ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಹರಕೆ ತೀರಿಸಿ ಪ್ರಸಾದ ತಂದಳು. ನಾನು ಅದನ್ನು ಮುಟ್ಟದೆ ದೇವರ ಮುಂದಿಟ್ಟೆ. ನಾಚಿಕೆ, ಬೇರೇನಲ್ಲ.

ಮುಂದಿನ ಬ್ಯಾಚಿನ ಪರೀಕ್ಷೆಯ ಹೊತ್ತಿಗೆ ನಾನು ಇಂಟರ್ನ್. ರೋಗಿಗಳನ್ನು ಅವರವರ ಹಾಸಿಗೆಗೆ ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಟೈಲರ್ ಬಂದಿದ್ದರು. ಕೈ ಅರ್ಧ ವಾಸಿಯಾಗಿದೆ, ಕತ್ತರಿ ಹಿಡಿಯಲಾಗುವುದಿಲ್ಲ, ಮಿಷನ್ ಮೇಲೆ ಈಗ ತಮ್ಮ ಕೂರುತ್ತಾನೆ ಎಂದರು. ಆ ಅರ್ಧ ಗಂಟೆಯಿಂದಲೇ ಹೀಗಾಯಿತೆಂದು ನನಗೆ ಯಾರೂ ಹೇಳಿಲ್ಲ. ಅಲ್ಲ ಎಂದೂ ಯಾರೂ ಹೇಳಿಲ್ಲ. ಕ್ಷಮೆ ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರ ಕೇಸು ಸಿಕ್ಕಿದ್ದ ವಿದ್ಯಾರ್ಥಿ ಬಂದ.

ನಾನು ಪಕ್ಕದ ಹಾಸಿಗೆಯವರ ಬಿಪಿ ನೋಡುತ್ತಿದ್ದೆ. ಟೈಲರ್ ಹಳೆಯ ಪಾಠಕ್ಕೆ ಕೈಯ ಕಥೆಯನ್ನೂ ಸೇರಿಸಿ ಒಪ್ಪಿಸಿದರು. ಹುಡುಗ ಚುರುಕು. ಬೆಳಗ್ಗೆ ಏಳಕ್ಕೇ ಜೋಮು ಹಿಡಿದಿದ್ದರೆ ಆಸ್ಪತ್ರೆಯೊಳಗೇ ಇದ್ದು ಹತ್ತರವರೆಗೆ ಡಾಕ್ಟರಿಗೆ ಯಾಕೆ ತಿಳಿಯಲಿಲ್ಲ ಎಂದು ಕೇಳಿದ.

ಟೈಲರ್ ನನ್ನ ಕಡೆ ನೋಡಿದರು.

“ನಾನೇ ಯಾರ್ಗೂ ಹೇಳ್ನಿಲ್ಲ ಸಾರ್. ಹಂಗೇ ಬರ್ಕೊಳ್ಳಿ.”

ಅವನು ಹಾಗೆಯೇ ಬರೆದುಕೊಂಡ. ನಾನು ಬಿಪಿ ಪಟ್ಟಿ ಬಿಚ್ಚಿಕೊಂಡು ಮುಂದಿನ ಹಾಸಿಗೆಗೆ ಹೋದೆ.