ಲಗ್ನಪತ್ರಿಕೆಯ ಗೌರೀಶ

ಹುಣಸೂರಿನ ಬಸ್ ನಿಲ್ದಾಣದ ಹಿಂದೆ ಲಗ್ನಪತ್ರಿಕೆ ಮಾಡಿಕೊಡುವ ಗೌರೀಶನ ಹತ್ತಿರ ಒಂದು ಕಂಪ್ಯೂಟರ್ ಇದೆ. ಅದರ ಸಿಸ್ಟಂ ಎಷ್ಟು ಹಳೆಯದೆಂದರೆ, ಮಾಡಿದವರೇ ಅದನ್ನು ಮರೆತು ಹತ್ತು ವರ್ಷವಾಯಿತು. ಕೆಲಸದ ನಡುವೆ ಪರದೆ ನೀಲಿಯಾಗಿ ನಿಂತುಬಿಟ್ಟರೆ ಗೌರೀಶ ಬೈಯುವುದಿಲ್ಲ. ಹಸುವಿನ ಹೊಟ್ಟೆಗೆ ಕಿವಿಯಿಡುವ ಡಾಕ್ಟರಂತೆ ಮೊದಲು ಫ್ಯಾನಿನ ಸದ್ದು ಕೇಳುತ್ತಾನೆ. ಆಮೇಲೆ ಮುಚ್ಚಳ ತೆಗೆದು, ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಅದರ ಅಂಚನ್ನು ಉಜ್ಜುತ್ತಾನೆ. “ಹೊಸದು ತಗೊಳ್ಳಿ” ಎಂದವರಿಗೆ, “ಹಳೇ ಪತ್ರಿಕೆಗಳು ಹೊಸದ್ರಲ್ಲಿ ತೆರೆಯಲ್ಲ ಕಣ್ರೀ, ಅರ್ಧ ತಾಲ್ಲೂಕಿನ ಮದ್ವೆ ಇದ್ರೊಳಗೈತೆ” ಎನ್ನುತ್ತಾನೆ. ಆ ಮದುವೆಗಳಿಗೆ ಅವನನ್ನು ಯಾರೂ ಕರೆದಿಲ್ಲ; ಎಲ್ಲರೂ ಪತ್ರಿಕೆಯ ಕಟ್ಟು ಹಿಡಿದು ಬಸ್ಸಿಗೆ ಓಡುವವರೇ. ಮೊನ್ನೆ ಕಟ್ಟೆಮಳಲವಾಡಿಯ ರಾಚಮ್ಮ ಬಂದಳು. ಅವಳ ಹದಿನಾರು ವರ್ಷದ ಹಿಂದಿನ ಮದುವೆಯನ್ನು ಈಗ ನೋಂದಾಯಿಸಲು ಕಚೇರಿಯವರು ಲಗ್ನಪತ್ರಿಕೆ ಕೇಳಿದ್ದರು. ಮನೆಯಲ್ಲಿದ್ದದ್ದನ್ನು ಇಲಿ ತಿಂದಿತ್ತು. ಅವಳ ಪತ್ರಿಕೆ ತೆರೆಯಹೋದಾಗಲೆಲ್ಲ ಪರದೆ ನೀಲಿಯಾಯಿತು, ಗೌರೀಶ ಉಜ್ಜುತ್ತಲೇ ಇದ್ದ. “ಬುಡಣ್ಣೋ, ನಮ್ಮ ಮದ್ವೆ ಇದ್ಕೂ ಬ್ಯಾಡ್ವಂತೆ” ಎಂದಳು ರಾಚಮ್ಮ. “ಸುಮ್ಕಿರವ್ವ, ಬತ್ತದೆ” ಎಂದು ಅವನು ಮತ್ತೊಮ್ಮೆ ಉಜ್ಜಿದ. ಮೊದಲು ಮಾದಪ್ಪ ದೇವರ ಚಿತ್ರ ಬಂತು, ಆಮೇಲೆ ಹೆಣ್ಣು ಗಂಡಿನ ಹೆಸರು ಬಂತು. ಗೌರೀಶ ಎರಡು ಪ್ರತಿ ತೆಗೆದು, ತನ್ನ ರೂಢಿಯಂತೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಟ್ಟ. ರಾಚಮ್ಮ ಒಂದನ್ನು ಚೀಲಕ್ಕೆ ಹಾಕಿ, ಇನ್ನೊಂದನ್ನು ಎರಡೂ ಕೈಯಲ್ಲಿ ಅವನಿಗೇ ಚಾಚಿದಳು. “ಅವತ್ತು ಕರೀನಿಲ್ಲ ಕಣಣ್ಣ. ಈ ಭಾನ್ವಾರ ಮನೇರ್ನೆಲ್ಲ ಕರ್ಕೊಂಡು ಊಟಕ್ಕೆ ಬರ್ಬೇಕು.” ಗೌರೀಶ ರಬ್ಬರು ಕೆಳಗಿಟ್ಟು, ಎದ್ದು ನಿಂತು ಪತ್ರಿಕೆ ತೆಗೆದುಕೊಂಡ.