ಕೆಂಡದ ಮೇಲೆ ಹಿಡಿದ ಬ್ಯಾಂಜೊ

೨೦೦೪ರ ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಹೆಮ್ಮಾಡಿಯ ಪ್ರಭಾಕರನ ಮನೆಯ ಹಿಂಬಾಗಿಲಲ್ಲಿ, ಹೊರಗಿನ ಒಲೆಯಿಂದ ಆರು ಹೆಜ್ಜೆ ದೂರ ನಾನು ನಿಂತಿದ್ದೆ. ಅವನು ಬ್ಯಾಂಜೊವನ್ನು ಕೆಂಡದ ಮೇಲೆ ಹಿಡಿದದ್ದನ್ನು ಕಂಡೆ. ಹತ್ತು ನಿಮಿಷದ ನಂತರ, ನೆಂಟರೆಲ್ಲರ ಎದುರು, ಕಾಣಲಿಲ್ಲ ಎಂದೆ. ಸುಳ್ಳು ಹೇಳಿದೆ.

ಬ್ಯಾಂಜೊ ಅವನ ಅಜ್ಜನದು. ಮುಂಬಯಿಯ ಹೋಟೆಲೊಂದರ ವಾದ್ಯತಂಡದಲ್ಲಿ ನುಡಿಸುತ್ತಿದ್ದರಂತೆ. ದುಂಡನೆಯ ಚರ್ಮದ ಬುರುಡೆಗೆ ಉದ್ದ ದಂಡಿ ಅಂಟಿಸಿದ ವಿದೇಶಿ ವಾದ್ಯ, ನಾಲ್ಕು ತಂತಿಯದು. ಚರ್ಮ ಹರಿದಿತ್ತು, ದಂಡಿಗೆ ಹುಳ ಬಿದ್ದಿತ್ತು. ಸರಿಮಾಡಿ ಐದು ತಂತಿಗೆ ಬದಲಿಸಿ ಕೊಡಿ ಎಂದು ಪ್ರಭಾಕರ ಅದನ್ನು ಕುಂದಾಪುರದ ನಾರಾಯಣ ಆಚಾರ್ರಿಗೆ ಕೊಟ್ಟ. ಹಾರ್ಮೋನಿಯಂ, ಮದ್ದಳೆ ರಿಪೇರಿಯ ಆಚಾರ್ರು ಅಂಥದ್ದನ್ನು ಮುಟ್ಟಿದ್ದೇ ಮೊದಲು. ನಾಲ್ಕು ತಿಂಗಳು ಕೂತು ಹಲಸಿನ ಮರದ ಹೊಸ ದಂಡಿ ಕೆತ್ತಿದರು; ಗಿಡ್ಡದಾದ ಐದನೆಯ ತಂತಿಗೆ ದಂಡಿಯ ನಡುವೆ, ಪಕ್ಕಕ್ಕೆ, ತಂತಿ ಬಿಗಿಯುವ ಬಿರಡೆ ಕೂರಿಸಿದರು. ನಾನು ಕೈಯಾಡಿಸಿ ನೋಡಿದ್ದೆ — ಒಂದು ಗೆರೆ ತಪ್ಪಿರಲಿಲ್ಲ. ಕೊಡುವಾಗ ನನ್ನೆದುರೇ ಹೇಳಿದರು: "ಬಿಸಿ ತಾಗ್ಸ್‌ಬೇಡಿ ಹಾಂ. ಚರ್ಮ ಕುದ್ಸಿ ಮಾಡಿದ್ ಅಂಟ್, ಬಿಡತ್ತ್."

ಅಂದು ಪ್ರಭಾಕರನ ತಂಗಿಯ ನಿಶ್ಚಿತಾರ್ಥ. ಆಚಾರ್ರನ್ನೂ ಕರೆದು, ನೆಂಟರೆದುರು ಬ್ಯಾಂಜೊ ನುಡಿಸುವವನಿದ್ದ. ಬೆಳಿಗ್ಗೆ ಮಳೆ ಬಂದು ಬ್ಯಾಂಜೊದ ಚರ್ಮ ಸಡಿಲಾಗಿತ್ತು. ತಾಸೆ ವಾದ್ಯದ ಚರ್ಮ ಸಡಿಲಾದರೆ ನಮ್ಮಲ್ಲಿ ಕೆಂಡ ತೋರಿಸುತ್ತಾರೆ. ಅವನು ಇದಕ್ಕೂ ತೋರಿಸಿದ.

"ಹ್ವಾಯ್, ಅದೆಂತ ಹಪ್ಪಳ ಸುಡುದಾ?" ಎಂದು ಅಡುಗೆಯ ಗಿರಿಜಕ್ಕ ನಕ್ಕರು. ಅವನು ಕೇಳಲಿಲ್ಲ.

ಚಪ್ಪರದಲ್ಲಿ ಕೂತು ತಂತಿ ಬಿಗಿದ. ದಂಡಿ ಬುಡದಿಂದಲೇ ಕಿತ್ತು ಅವನ ಮಡಿಲಿಗೆ ಬಿತ್ತು.

"ಎಂತ ಆಚಾರ್ರೆ, ಗಂಜಿ ತಿಳಿ ಹಾಕಿ ಅಂಟ್ಸಿದ್ದಾ?" ಎಂದ ಪ್ರಭಾಕರ. ಚಪ್ಪರವೇ ನಕ್ಕಿತು.

ಆಚಾರ್ರು ಎದ್ದು ಬಂದು ಬುಡ ಮುಟ್ಟಿದರು. "ಇನ್ನೂ ಬೆಚ್ಚಗಿತ್ತಲೆ ಇದ್." ನನ್ನ ಕಡೆ ತಿರುಗಿದರು. "ನೀ ಹಿಂದ್‌ಗಡೆ ಇದ್ದೆ ಅಲ್ದಾ ಮಾರಾಯ. ಬೆಂಕಿಗ್ ಹಿಡ್ದದ್ದ್ ಕಂಡ್ಯಾ?"

"ಇಲ್ಲ ಆಚಾರ್ರೆ. ನಾ ಕಾಣ್ಲಿಲ್ಲೆ."

ಮರುವಾರ ನಾನು ಪ್ರಭಾಕರನ ಅಂಗಡಿಯಲ್ಲಿ ಕೆಲಸಕ್ಕೆ ಸೇರುವವನಿದ್ದೆ. ಸೇರಿದೆ.

ಆಚಾರ್ರ ಅಂಟು ಪೇಟೆಯ ತಮಾಷೆಯಾಯಿತು. ರಿಪೇರಿಯ ಮದ್ದಳೆಗಳು ಬ್ರಹ್ಮಾವರದ ಕಡೆ ಹೋದವು. ಅವರು ಬಾಗಿಲ ದಾರಂದ ಕೆತ್ತುತ್ತಾ ಉಳಿದರು, ಹಾಗೆಯೇ ತೀರಿಕೊಂಡರು. ಪ್ರಭಾಕರ ಇಂದಿಗೂ ಆ ಕತೆ ಹೇಳಿ ನಗಿಸುತ್ತಾನೆ — ನನ್ನೆದುರೇ! ಮೈಯೆಲ್ಲ ಉರಿಯುತ್ತದೆ. ನಾಲ್ಕು ತಿಂಗಳ ಕೈಕೆಲಸ ಒಬ್ಬ ಉಳ್ಳವನ ಒಂದು ನಗೆಗೆ ಸಮವೇ? ಕೇಳಬೇಕಾದ ದಿನ ನಾನು ಕೇಳಲಿಲ್ಲ. ಈ ಉರಿ ಆ ದಿನ ಎಲ್ಲಿತ್ತು —

ಆಚಾರ್ರ ತಪ್ಪಿರಲಿಲ್ಲ. ಇದನ್ನು ಅವರವರ ಹೆಸರು ಹಾಕಿಯೇ ಬರೆಯುತ್ತಿದ್ದೇನೆ. ಆ ದಿನ ಅವರು ಕೇಳಿದ್ದು ನನ್ನೊಬ್ಬನನ್ನು. ಕಂಡವರು ಬೇರೆಯೂ ಇದ್ದಾರೆ, ಬದುಕಿದ್ದಾರೆ; ಬೇಕಾದರೆ ಕೇಳಿ. ಗಿರಿಜಕ್ಕ, ಈಗ ತ್ರಾಸಿಯಲ್ಲಿ ಮಗಳ ಮನೆಯಲ್ಲಿ. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಶೀನ, ಹೆಮ್ಮಾಡಿಯಲ್ಲೇ. ಮತ್ತು ಪ್ರಭಾಕರ.