ಮುದ್ರೆ ಕತ್ತರಿಸಿದ ಫೋಟೊ

ಜಾಲತಾಣಗಳಲ್ಲಿ ಹರಿದಾಡುವ ಸುಳ್ಳು ಎಲ್ಲಿ ಹುಟ್ಟಿತು, ಯಾರ ಯಾರ ಕೈ ದಾಟಿ ಬಂತು ಎಂದು ಹುಡುಕುವುದೇ ಅವಳ ಸಂಶೋಧನೆ. ಹಾಗಾಗಿ ಕಚೇರಿಯಲ್ಲಿ ಅವಳಿಗೆ ಸುಳ್ಳಕ್ಕ ಎಂಬ ಹೆಸರು ಬಿದ್ದಿತ್ತು. ಮನೆಯಲ್ಲಿ ಗಂಡ ತರಕಾರಿ ಬೆಲೆ ಏರಿದೆಯಂತೆ ಎಂದರೂ "ಯಾರು ಹೇಳಿದ್ದು?" ಎಂದು ಬೆನ್ನು ಹತ್ತುವ ಹೆಂಗಸು.

ಒಂದು ಬೆಳಿಗ್ಗೆ ಸಾಣೆಯಣ್ಣ ಕಚೇರಿಗೆ ಬಂದ. ಸೈಕಲ್ಲಿನಲ್ಲಿ ಬೀದಿ ಬೀದಿ ತಿರುಗಿ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುವವನು. ಹಿಂದಿನ ವರ್ಷ ಅವನು ಶಾಲೆಯ ಗೇಟಿನ ಮುಂದೆ ನಿಂತಿದ್ದಾಗ ಯಾರೋ ಫೋಟೊ ತೆಗೆದು, 'ಮಕ್ಕಳ ಕಳ್ಳ, ಎಚ್ಚರ' ಎಂದು ಬರೆದು ಊರಿಗೆಲ್ಲ ಹಂಚಿದ್ದರು. ಅದು ಸುಳ್ಳೆಂದು ಸಾಬೀತು ಮಾಡಿದವಳು ಸುಳ್ಳಕ್ಕನೇ. ಅದೇ ಫೋಟೊದ ಮೇಲಂಚಿಗೆ 'ಸುಳ್ಳು' ಎಂಬ ಕೆಂಪು ಮುದ್ರೆ ಹಾಕಿ ಪ್ರಕಟಿಸಿದ್ದಳು. ಈಗ ಪಕ್ಕದ ಬಡಾವಣೆಯವರು ಮತ್ತೆ ಅವನನ್ನು ಅಟ್ಟಿಸಿಕೊಂಡು ಹೋಗಿ ಬಡಿದಿದ್ದರು. ತುಟಿ ಒಡೆದು ಊದಿತ್ತು.

ಸುಳ್ಳಕ್ಕ ಕಂಪ್ಯೂಟರಿನ ಮುಂದೆ ಕೂತು ಆ ಬಡಾವಣೆಯಲ್ಲಿ ಹರಿದಾಡಿದ ಫೋಟೊದ ಜಾಡು ಹಿಡಿದು ಹಿಂದೆ ಹಿಂದೆ ಹೋದಳು. ಜಾಡು ಬಂದು ನಿಂತದ್ದು ಅವಳದೇ ವರದಿಯಲ್ಲಿ. ಮುದ್ರೆಯಿದ್ದ ಅಂಚನ್ನಷ್ಟೇ ನೀಟಾಗಿ ಕತ್ತರಿಸಿ ಉಳಿದದ್ದನ್ನು ಹಂಚಿದ್ದರು. ಅವಳ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲದೆ ಕಳಿಸಿದವರನ್ನಾದರೂ ಕ್ಷಮಿಸಬಹುದು. ಈ ಮಹಾನುಭಾವ ಓದಿದ್ದಾನೆ, ಓದಿಯೇ ಕತ್ತರಿಸಿದ್ದಾನೆ!

ಕತ್ತರಿಸಿದಾತ ಆ ಬಡಾವಣೆಯ ಸಂಘದ ಕಾರ್ಯದರ್ಶಿ. ಫೋನಿನಲ್ಲಿ ಒಂದಿಷ್ಟೂ ಅಳುಕಿಲ್ಲದೆ ಹೇಳಿದ: "ಸುಳ್ಳು ಅಂತ ನಂಗೂ ಗೊತ್ತಮ್ಮಾ. ಆದ್ರೆ ಆ ಮುದ್ರೆ ಇದ್ರೆ ಯಾರು ಹುಷಾರಾಗಿರ್ತಾರೆ ಹೇಳಿ? ನಾನು ಒಳ್ಳೇದಕ್ಕೇ ಮಾಡಿದ್ದು."

"ನಿಮ್ಮ ಒಳ್ಳೇದಕ್ಕೆ ಬೆಂಕಿ ಹಾಕ!" ಎಂದು ಅವಳು ಫೋನಿಟ್ಟಳು. ಸಂಶೋಧಕರು ಹಾಗೆಲ್ಲ ಮಾತಾಡಬಾರದಂತೆ. ಮತ್ತೇನು, ಅಂಥವನಿಗೆ ಕೈಮುಗಿಯಬೇಕಿತ್ತೆ?

"ನಮ್ಮ ವರದಿಯಿಂದ ನಿಮ್ಮ ಮುಖ ತೆಗೆದುಬಿಡ್ತೀನಿ ಅಣ್ಣಾ," ಎಂದಳು.

ಸಾಣೆಯಣ್ಣ ತಲೆಯಲ್ಲಾಡಿಸಿದ. "ಅವ್ರ ಫೋನುಗಳಲ್ಲಿ ನನ್ನ ಮುಖ ಇದ್ದೇ ಇರತ್ತಲ್ಲಮ್ಮಾ. ನಿಮ್ಮದ್ರಲ್ಲಿ ಮಾತ್ರ ತೆಗೆದ್ರೆ, ನಾನು ಕಳ್ಳ ಅಲ್ಲ ಅಂತ ಹೇಳೋರ್ಯಾರು?"

"ಬನ್ನಿ, ನಾನೇ ಹೇಳ್ತೀನಿ," ಎಂದು ಚಪ್ಪಲಿ ಮೆಟ್ಟಿ ಅದೇ ಬಡಾವಣೆಗೆ ಹೊರಟೇಬಿಟ್ಟಳು. ಅವನು ಅಳುಕುತ್ತಲೇ ಸೈಕಲ್ಲು ತಳ್ಳಿಕೊಂಡು ಹಿಂದೆ ಬಂದ. ಒಂದೊಂದು ಮನೆಯ ಮುಂದೂ ನಿಂತು, ಗಂಟಲು ಹರಿಯುವಂತೆ ನಡೆದದ್ದನ್ನು ವಿವರಿಸಿದಳು. ಕಿಟಕಿಗಳು ಪಟಪಟ ಮುಚ್ಚಿಕೊಂಡವು. ಕೊನೆಗೆ ಒಬ್ಬ ಗೃಹಿಣಿ ಎಲ್ಲವನ್ನೂ ಕೇಳಿ, "ಅಯ್ಯೋ ಪಾಪ" ಎಂದು ಲೊಚಗುಟ್ಟಿ, ಒಳಗಿನಿಂದ ಮೊಂಡು ಕತ್ತರಿಯೊಂದನ್ನು ತಂದುಕೊಟ್ಟಳು. ಸಾಣೆಯಣ್ಣನ ಮುಖ ಅರಳಿತು. ಅವನು ಕೆಲಸಕ್ಕೆ ಬಗ್ಗುತ್ತಿದ್ದಂತೆ ಆಕೆ ಮೆಲ್ಲಗೆ ಫೋನೆತ್ತಿ ಅವನತ್ತ ಹಿಡಿದಳು.

"ಏನ್ರೀ ಅದು?" ಎಂದಳು ಸುಳ್ಳಕ್ಕ.

"ಏನಿಲ್ಲಮ್ಮಾ, ಯಾವುದಕ್ಕೂ ಇರ್ಲಿ ಅಂತ ಒಂದು ಫೋಟೊ."

ಸುಳ್ಳಕ್ಕ ಇಬ್ಬರ ನಡುವೆ ಹೋಗಿ ನಿಂತಳು.

"ತೆಗೀರಿ," ಎಂದಳು. "ನಂದೇ ತೆಗೀರಿ."